ಅಮ್ಮನ ಮೊಣಕಾಲು, ಒಂದೂವರೆ ಅಡಿಯ ಫುಟ್‌ಪಾತು

ಅಮ್ಮ ಗಾಂಧಿಬಜಾರಿಗೆ ನಡೆದು ಹೋಗುವುದನ್ನು ಯಾವತ್ತು ಬಿಟ್ಟಳು ಅಂತ ಕೇಳಿದರೆ ನನಗೆ ದಿನ ಹೇಳಲು ಬರುವುದಿಲ್ಲ. ಅದು ಒಂದೇ ದಿನ ನಿಂತದ್ದಲ್ಲ. ಮೊದಲು ಸಂಜೆ ಹೋಗುವುದು ನಿಂತಿತು. "ಬೆಳಕು ಕಮ್ಮಿ, ಕಲ್ಲು ಕಾಣಲ್ಲ ಕಣೇ" ಅಂದಳು. ಆಮೇಲೆ ಮಳೆಗಾಲ ಪೂರ್ತಿ ನಿಂತಿತು. ಆಮೇಲೆ ಒಬ್ಬಳೇ ಹೋಗುವುದು ನಿಂತಿತು. ಕಡೆಗೊಂದು ದಿನ ನೋಡಿದರೆ ತರಕಾರಿ ಆ್ಯಪ್‌ನಲ್ಲಿ ಬರುತ್ತಿದೆ, ಹೂವಿನವನು ಗೇಟಿನ ಹತ್ತಿರ ಬಂದು ಕೂಗುತ್ತಿದ್ದಾನೆ, ಸಂಕಷ್ಟಿಯ ದಿನ ದೊಡ್ಡ ಗಣಪತಿಗೆ ಹೋಗೋಕೂ ಆಟೋ ಬೇಕಾಗಿದೆ. ಬೆಂಗಳೂರಿನ ಹನುಮಂತನಗರದಲ್ಲಿ ನಲವತ್ತು ವರ್ಷ ಇದ್ದವಳು ಅಮ್ಮ. ಬಸ್ಸಿಗೆ ಚಿಲ್ಲರೆ ಉಳಿಸೋಕೆ ಅಂತ ನನ್ನನ್ನೂ ಅಣ್ಣನನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಚಾಮರಾಜಪೇಟೆಯವರೆಗೆ ನಡೆಸಿಕೊಂಡು ಹೋಗುತ್ತಿದ್ದವಳು. ಅವಳಿಗೆ ಯಾರೂ ಹೊರಗೆ ಹೋಗಬೇಡ ಅನ್ನಲಿಲ್ಲ. ಡಾಕ್ಟರಂತೂ ಪ್ರತಿ ಸಲವೂ "ದಿನಾ ಅರ್ಧ ಗಂಟೆ ನಡೀರಿ ಅಮ್ಮ" ಅಂತಲೇ ಹೇಳುತ್ತಾರೆ. ಈಗ ಅವಳು ಮನೆಯ ಹಾಲ್‌ನಲ್ಲಿ ಸೋಫಾದಿಂದ ದೇವರ ಮನೆಗೆ, ದೇವರ ಮನೆಯಿಂದ ಸೋಫಾಕ್ಕೆ ನಡೆಯುತ್ತಾಳೆ.

ಇದು ವಯಸ್ಸಿನ ವಿಷಯ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಎಪ್ಪತ್ತನಾಲ್ಕು ವರ್ಷ, ಮೊಣಕಾಲು ಸವೆದಿದೆ, ಇನ್ನೇನು ಅಂತ. ಆದರೆ ಅದೇ ಅಮ್ಮ ಮೈಸೂರಿನಲ್ಲಿ ಅತ್ತೆಯ ಮನೆಗೆ ಹೋದಾಗ ಬೆಳಗ್ಗೆ ಪಾರ್ಕಿನಲ್ಲಿ ಮೂರು ಸುತ್ತು ಹಾಕಿ ಬಂದಳು. ಕಾಲು ಅದೇ ಕಾಲು. ಹಾಗಾದರೆ ಇಲ್ಲಿ ಏನಾಗಿದೆ?

ಕೂತು ಇಳಿದದ್ದು

ಆ ಒಂದು ಬೆಳಗ್ಗೆ ನನಗೆ ಚೆನ್ನಾಗಿ ನೆನಪಿದೆ. ಮಳೆಗಾಲಕ್ಕೆ ಮೊದಲು ಚರಂಡಿಯ ಹೂಳು ತೆಗೆಯುತ್ತಾರಲ್ಲ, ಆ ಸಮಯ. ಚಪ್ಪಡಿಗಳನ್ನು ಎತ್ತಿ, ಹೂಳನ್ನು ಅಲ್ಲೇ ಪಕ್ಕದಲ್ಲಿ ಗುಡ್ಡೆ ಹಾಕಿದ್ದರು. ಗುಡ್ಡೆ ಒಣಗಿ ಮತ್ತೆ ಅರ್ಧ ಚರಂಡಿಯೊಳಗೇ ಬಿದ್ದಿತ್ತು. ಎತ್ತಿದ ಚಪ್ಪಡಿಗಳಲ್ಲಿ ಎರಡು ಮುರಿದು ಹಾಗೇ ಓರೆಯಾಗಿ ನಿಂತಿದ್ದವು. ನಾನು, ಅಮ್ಮ ಹೂವು ತರೋಕೆ ಹೊರಟಿದ್ದೆವು. ಚಪ್ಪಡಿ ಇಲ್ಲದ ಜಾಗ ಬಂದಾಗ ಫುಟ್‌ಪಾತಿನಿಂದ ರಸ್ತೆಗೆ ಇಳಿಯಲೇಬೇಕಾಯಿತು. ಅಮ್ಮ ಅಂಚಿಗೆ ಬಂದು ನಿಂತಳು. ಬಲಗಾಲು ಮುಂದಿಟ್ಟಳು, ಹಿಂದೆ ತೆಗೆದಳು. ಎಡಗಾಲು ಮುಂದಿಟ್ಟಳು, ತೆಗೆದಳು. ಹಿಡಿಯೋಕೆ ಒಂದು ಕಂಬವೂ ಇರಲಿಲ್ಲ. ನಾನು ಕೆಳಗೆ ನಿಂತು ಕೈ ಕೊಟ್ಟೆ. ಅಷ್ಟರಲ್ಲಿ ಹಿಂದಿನಿಂದ ಒಂದು ಬೈಕು ಫುಟ್‌ಪಾತಿನ ಮೇಲೆಯೇ ಬಂದು ಹಾರ್ನ್ ಹೊಡೆಯಿತು. ಹುಡುಗ ಕೆಟ್ಟವನೇನೂ ಅಲ್ಲ, ಹೆಗಲಲ್ಲಿ ಡೆಲಿವರಿ ಚೀಲ, ಅವನಿಗೂ ಹೊತ್ತು ಮೀರಿತ್ತು. ಆದರೆ ಅಮ್ಮ ಗಾಬರಿಯಾದಳು.

ಆಮೇಲೆ ಅವಳು ಮಾಡಿದ್ದನ್ನು ನೋಡಿ ನನ್ನ ಎದೆ ಹಿಂಡಿದಂತಾಯಿತು. ಸೀರೆಯ ನೆರಿಗೆಯನ್ನು ಒಟ್ಟು ಮಾಡಿ ಹಿಡಿದು, ಫುಟ್‌ಪಾತಿನ ಅಂಚಿನ ಮೇಲೆ ಮೆಲ್ಲಗೆ ಕೂತಳು. ಮಕ್ಕಳು ಎತ್ತರದ ಜಗಲಿಯಿಂದ ಇಳಿಯುತ್ತವಲ್ಲ, ಹಾಗೆ ಕೂತು, ಎರಡೂ ಕಾಲು ರಸ್ತೆಗೆ ಬಿಟ್ಟು, ನನ್ನ ಭುಜ ಹಿಡಿದು ಎದ್ದು ನಿಂತಳು. ನಿಂತ ಮೇಲೆ ಸುತ್ತ ಒಮ್ಮೆ ನೋಡಿದಳು. ಗುರುತಿನವರು ಯಾರಾದರೂ ನೋಡಿದರಾ ಅಂತ. ಸೀರೆಯ ಹಿಂದೆ ಅಂಟಿದ ಕೆಸರನ್ನು ನಾನು ಒರೆಸಿದೆ. ಇಬ್ಬರೂ ಏನೂ ಮಾತಾಡಲಿಲ್ಲ. ಹೂವು ತರದೆ ಮನೆಗೆ ಬಂದೆವು.

ಬಿದ್ದಿದ್ದರೆ ಕಾಲು ಮುರಿಯುತ್ತಿತ್ತು. ಮುರಿಯಲಿಲ್ಲ. ಹಾಗಾಗಿ ಯಾರ ಲೆಕ್ಕದಲ್ಲೂ ಆ ಬೆಳಗ್ಗೆ ಏನೂ ಆಗಲೇ ಇಲ್ಲ. ಆದರೆ ಅಮ್ಮ ಆಮೇಲೆ ಗಾಂಧಿಬಜಾರಿಗೆ ನಡೆದು ಹೋಗಲಿಲ್ಲ. ಆ ಚಪ್ಪಡಿಯ ಫೋಟೋ ತೆಗೆದು ಒಂದು ಕಚೇರಿಗೆ ಕಳಿಸಿದೆ. ಅದು ನಮ್ಮದಲ್ಲ, ಇನ್ನೊಂದು ವಿಭಾಗದ್ದು ಅಂದರು. ಅಲ್ಲಿಗೂ ಕಳಿಸಿದೆ. ಹತ್ತು ದಿನಕ್ಕೆ "ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು. ಹೋಗಿ ನೋಡಿದರೆ ಮುರಿದ ಚಪ್ಪಡಿಯ ಪಕ್ಕದಲ್ಲಿ ಒಂದು ಮರದ ಕೊಂಬೆ ಸಿಕ್ಕಿಸಿದ್ದರು, ಜನ ನೋಡಿಕೊಂಡು ಹೋಗಲಿ ಅಂತ. ಅದನ್ನು ಸಿಕ್ಕಿಸಿದ್ದು ಕಚೇರಿಯವರಲ್ಲ. ಎದುರಿಗೆ ಕಬ್ಬಿನ ಹಾಲು ಮಾರುವವನು.

ಟೇಪು ಹಿಡಿದು ಹೊರಟಾಗ

ಒಂದು ಭಾನುವಾರ ಬೆಳಗ್ಗೆ ಆರಕ್ಕೆ ಮನೆಯಲ್ಲಿದ್ದ ಅಳತೆ ಟೇಪು ಹಿಡಿದು ಹೊರಟೆ. ಮೊದಲು ನಮ್ಮ ಮನೆಯ ಮಹಡಿ ಮೆಟ್ಟಿಲು ಅಳೆದೆ. ಆರೂವರೆ ಇಂಚು. ಅಮ್ಮ ದಿನಕ್ಕೆ ಎರಡು ಸಲ ಬಟ್ಟೆ ಒಣಹಾಕಲು ಆ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಆಮೇಲೆ ಐವತ್ತಡಿ ರಸ್ತೆ ದಾಟಿ ಬುಲ್ ಟೆಂಪಲ್ ರಸ್ತೆಯ ಕಡೆಗೆ, ಅಮ್ಮ ಮೊದಲು ಹೋಗುತ್ತಿದ್ದ ದಾರಿಯಲ್ಲೇ ಹೋದೆ. ಫುಟ್‌ಪಾತಿನ ಎತ್ತರ ಒಂದು ಕಡೆ ಹತ್ತು ಇಂಚು, ಒಂದು ಕಡೆ ಹದಿನಾಲ್ಕು, ಅಮ್ಮ ಕೂತು ಇಳಿದ ಜಾಗದಲ್ಲಿ ಹದಿನೆಂಟು. ಅಂದರೆ ಹೆಚ್ಚುಕಮ್ಮಿ ಮೂರು ಮೆಟ್ಟಿಲು ಒಟ್ಟಿಗೆ. ನಮ್ಮ ದೇಶದ ರಸ್ತೆ ಎಂಜಿನಿಯರುಗಳು ಪಾಲಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಲ್ಲಿ ಫುಟ್‌ಪಾತು ರಸ್ತೆಯಿಂದ 15 ಸೆಂಟಿಮೀಟರ್‌ಗಿಂತ, ಅಂದರೆ ಆರು ಇಂಚಿಗಿಂತ, ಎತ್ತರ ಇರಬಾರದು ಅಂತಿದೆ. ನಡೆಯೋಕೆ ಅಡ್ಡಿಯಿಲ್ಲದ ಅಗಲ ಕಮ್ಮಿ ಅಂದರೂ 1.8 ಮೀಟರ್ ಇರಬೇಕು ಅಂತಿದೆ. ಇಬ್ಬರು ಎದುರುಬದುರು ಬಂದರೆ, ಒಬ್ಬರು ಗಾಲಿಕುರ್ಚಿಯಲ್ಲಿದ್ದರೂ ದಾಟಿಹೋಗಲಿ ಅಂತ ಆ ಲೆಕ್ಕ. ನಿಯಮ ಬರೆದವರಿಗೆ ಅಮ್ಮನ ಮೊಣಕಾಲು ಗೊತ್ತಿತ್ತು. ಅದು ನಮ್ಮ ರಸ್ತೆಯ ತನಕ ಬಂದು ಮುಟ್ಟಿಲ್ಲ, ಅಷ್ಟೇ.

ಯಾಕೆ ಇಷ್ಟು ಎತ್ತರ ಅಂತ ಅಲ್ಲೇ ಕೂತು ನೋಡಿದಾಗ ಅರ್ಥವಾಯಿತು. ನಮ್ಮ ಹಳೇ ಬಡಾವಣೆಗಳಲ್ಲಿ ರಸ್ತೆಯ ಎರಡೂ ಬದಿಗೆ ಮಳೆನೀರಿನ ತೆರೆದ ಮೋರಿ ಇತ್ತು. ನಾನು ಚಿಕ್ಕವಳಿದ್ದಾಗ ಪ್ರತಿ ಮನೆಯ ಮುಂದೆ ಮೋರಿ ದಾಟಲು ಒಂದೋ ಎರಡೋ ಕಲ್ಲು ಚಪ್ಪಡಿ ಹಾಕಿರುತ್ತಿದ್ದರು. ಚೆಂಡು ಬಿದ್ದರೆ ಮೋರಿಗೆ ಇಳಿದು ತೆಗೆಯುತ್ತಿದ್ದೆವು. ಆಮೇಲೆ ಮೋರಿಯನ್ನು ಆಳ ಮಾಡಿ, ಕಾಂಕ್ರೀಟ್ ಗೋಡೆ ಕಟ್ಟಿ, ಮೇಲೆ ಸಾಲಾಗಿ ಚಪ್ಪಡಿ ಮುಚ್ಚಿ, ಅದನ್ನೇ ಫುಟ್‌ಪಾತು ಅಂದರು. ಅದು ಹೊಳೆದಾಗ ಹಳೇ ಗಂಟೊಂದು ಬಿಚ್ಚಿದಂತಾಯಿತು. ನಾವು ನಡೆಯುತ್ತಿರುವುದು ದಾರಿಯ ಮೇಲಲ್ಲ, ಮೋರಿಯ ಮುಚ್ಚಳದ ಮೇಲೆ. ಎಷ್ಟು ಎತ್ತರ ಅನ್ನುವುದು ಒಳಗೆ ಎಷ್ಟು ನೀರು ಹರಿಯಬೇಕು ಅನ್ನುವುದರ ಮೇಲೆ ನಿಂತಿದೆ. ಎಲ್ಲಿ ತೆರೆದಿರುತ್ತೆ ಅನ್ನುವುದು ಯಾವಾಗ ಹೂಳು ತೆಗೆಯುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಇದರ ಮೇಲೆ ಹಳೇ ಡಾಂಬರು ಕೆರೆಯದೆ ಹೊಸ ಡಾಂಬರು ಹಾಕಿ ಹಾಕಿ ರಸ್ತೆಯೂ ಏರುತ್ತದೆ. ರಸ್ತೆ ಏರಿದಾಗ ನೀರು ಮನೆಗಳಿಗೆ ನುಗ್ಗುತ್ತದೆ. ಆಗ ಮೋರಿಯ ಗೋಡೆಯನ್ನು ಇನ್ನೊಂದು ಕಲ್ಲು ಎತ್ತರಿಸುತ್ತಾರೆ. ಮಧ್ಯದಲ್ಲಿ ಟ್ರಾನ್ಸ್‌ಫಾರ್ಮರ್ ಬರುತ್ತದೆ, ಕೇಬಲ್ ಬಾಕ್ಸ್ ಬರುತ್ತದೆ, ಬೋರ್ಡಿನ ಕಂಬ ಬರುತ್ತದೆ. ನೀರಿನವರು, ಕರೆಂಟಿನವರು, ಕೇಬಲ್‌ನವರು ಎಲ್ಲರಿಗೂ ಅಲ್ಲಿ ಒಂದು ಕೆಲಸ ಇದೆ. ನಡೆಯುವವರ ಕಡೆಯಿಂದ ಮಾತ್ರ ಯಾರೂ ಇಲ್ಲ.

ಮನೆಯಿಂದ ದೊಡ್ಡ ಗಣಪತಿ ಗುಡಿಯವರೆಗೆ ನಾನು ಇಪ್ಪತ್ತಾರು ಸಲ ಇಳಿದು ಇಪ್ಪತ್ತಾರು ಸಲ ಹತ್ತಬೇಕಾಯಿತು. ನನಗೆ ನಲವತ್ತಾರು ವರ್ಷ. ನನ್ನ ಮೊಣಕಾಲಿಗೇ ಅದು ಗೊತ್ತಾಯಿತು.

ನಮ್ಮ ಮನೆಯ ಮುಂದೆ

ವಾಪಸ್ ಬರುವಾಗ ಬರೆದುಕೊಂಡ ಚೀಟಿ ನೋಡುತ್ತಾ ಬಂದೆ. ಇಪ್ಪತ್ತಾರರಲ್ಲಿ ಹದಿನೈದು ಕಡೆ ಇಳಿದದ್ದು ಮನೆಗಳ ಕಾರ್ ರ‍್ಯಾಂಪಿಗಾಗಿ. ಗೇಟಿನಿಂದ ರಸ್ತೆಯವರೆಗೆ ಇಳಿಜಾರು ಹಾಕಿ, ಮೇಲೆ ನುಣುಪು ಟೈಲ್ಸ್ ಅಂಟಿಸಿರುತ್ತಾರೆ. ಮಳೆ ಬಂದರೆ ಜಾರುತ್ತದೆ. ಅದರ ಪಕ್ಕದಲ್ಲಿ ಕಬ್ಬಿಣದ ಬೇಲಿ ಹಾಕಿ ಹೂಗಿಡ ಬೆಳೆಸಿರುತ್ತಾರೆ. ಹದಿನೈದನೆಯದು ನಮ್ಮದೇ ಮನೆ.

2009ರಲ್ಲಿ ಅಣ್ಣ ಕಾರು ತೆಗೆದುಕೊಂಡಾಗ ಆ ರ‍್ಯಾಂಪ್ ಕಟ್ಟಿಸಿದ್ದು. ಇಡೀ ಬೀದಿಯೇ ಹಾಗೆ ಕಟ್ಟಿಸುತ್ತಿತ್ತು, ನಾವೂ ಕಟ್ಟಿಸಿದೆವು. ಬೇಲಿಯೊಳಗಿನ ದಾಸವಾಳ ಅಮ್ಮನೇ ನೆಟ್ಟದ್ದು. ದಿನಾ ಬೆಳಗ್ಗೆ ಅದರಿಂದ ನಾಲ್ಕು ಹೂವು ದೇವರಿಗೆ ಬರುತ್ತದೆ. 30–40 ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಒಂದು ಗಿಡಕ್ಕೂ ಒಳಗೆ ಮಣ್ಣಿಲ್ಲ, ಹಾಗಾಗಿ ಗಿಡ ಹೊರಗೆ ಬಂತು. ಗೇಟಿನ ಮುಂದೆ ನಿಂತು ಬಹಳ ಹೊತ್ತು ನೋಡಿದೆ. ಬೇರೆ ಯಾರದೋ ಅಮ್ಮ ಇಲ್ಲಿಗೆ ಬಂದಾಗ ರಸ್ತೆಗೆ ಇಳಿದಿರುತ್ತಾಳೆ. ಹದಿನಾರು ವರ್ಷ ನಾವು ಅವರನ್ನು ಇಳಿಸಿದ್ದೇವೆ. ಆ ವಿಷಯ ಈಗಲೂ ನನ್ನನ್ನು ಚುಚ್ಚುತ್ತದೆ.

ಫುಟ್‌ಪಾತಿನ ಮಾತು ಬಂದಾಗಲೆಲ್ಲ ಜನ ಮೊದಲು ಬೆರಳು ತೋರಿಸುವುದು ಬೀದಿ ವ್ಯಾಪಾರಿಗಳ ಕಡೆಗೆ. ನಾನೂ ತೋರಿಸಿದ್ದೇನೆ. ಆದರೆ ನನ್ನ ಚೀಟಿಯಲ್ಲಿ ಅವರಿಂದಾಗಿ ನಾನು ಇಳಿದದ್ದು ಎರಡೇ ಕಡೆ. ಅಮ್ಮ ಹೂವು ಕೊಳ್ಳುವ ಅಜ್ಜಿ ಕೂರುವುದು ಗೋಣಿಚೀಲದ ಮೇಲೆ, ಎರಡಡಿ ಜಾಗದಲ್ಲಿ, ಗೋಡೆಗೆ ಒರಗಿಕೊಂಡು. ಮಧ್ಯಾಹ್ನ ಎದ್ದು ಹೋದ ಮೇಲೆ ಅಲ್ಲಿ ನಾಲ್ಕು ಸೇವಂತಿಗೆ ಎಸಳು ಬಿಟ್ಟು ಬೇರೇನೂ ಇರುವುದಿಲ್ಲ. ಟೈಲ್ಸ್ ಹಾಕಿದ ರ‍್ಯಾಂಪು ಎದ್ದು ಹೋಗುವುದಿಲ್ಲ. ಅಮ್ಮನಿಗೆ ತಲೆ ತಿರುಗಿದಾಗ ಒಂದು ಸಲ ಕೂರಿಸಿ ನೀರು ಕೊಟ್ಟದ್ದೂ ಆ ಅಜ್ಜಿಯೇ. "ಎರಡು ಮೊಳಕ್ಕೆ ಬಂದು ಯಾಕಮ್ಮ ಇಷ್ಟು ಸುಸ್ತು ಮಾಡ್ಕೋತೀರ" ಅಂತ ಬೈದಳಂತೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ರಕ್ಷಣೆ ಕೊಟ್ಟಿದೆ. ಅವರಿಗೆ ಜಾಗ ಗುರುತು ಮಾಡಿ ಕೊಡಬೇಕು ಅನ್ನುತ್ತದೆ. ಜಾಗ ಗುರುತು ಮಾಡಿದರೆ ಅವರಿಗೂ ನೆಮ್ಮದಿ, ನಡೆಯುವವರಿಗೂ ನೆಮ್ಮದಿ. ಎಬ್ಬಿಸಿ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಎಷ್ಟೋ ರಸ್ತೆಗಳಲ್ಲಿ ಒಬ್ಬ ಹೆಂಗಸು ಕತ್ತಲಾದ ಮೇಲೆ ಧೈರ್ಯವಾಗಿ ನಡೆಯುವುದು ಅಲ್ಲಿ ಒಂದು ಹಣ್ಣಿನ ಗಾಡಿ, ಒಂದು ದೀಪ ಇದೆ ಅನ್ನುವ ಕಾರಣಕ್ಕೆ.

ಬಸ್ಸು ಪುಕ್ಕಟೆ, ನಿಲ್ದಾಣ ದೂರ

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಅಮ್ಮ ಖುಷಿಪಟ್ಟಿದ್ದಳು. ಆಧಾರ್ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡು, "ಇನ್ನು ಮಲ್ಲೇಶ್ವರಕ್ಕೆ ಯಾವಾಗ ಬೇಕಾದರೂ ಹೋಗಬಹುದು" ಅಂದಿದ್ದಳು. ಎರಡು ಸಲ ಹೋದಳು. ಟಿಕೆಟ್ಟಿಗೆ ದುಡ್ಡಿಲ್ಲ ನಿಜ, ಆದರೆ ಬಸ್ ಸ್ಟಾಪ್ ಮುಟ್ಟಬೇಕಲ್ಲ! ರಸ್ತೆ ದಾಟಬೇಕು, ಅಲ್ಲಿ ಸಿಗ್ನಲ್ ಇಲ್ಲ. 2017ರಲ್ಲಿ ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಬಂತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಕಡೆಗೆ ಹಳದಿ ಮಾರ್ಗ ಶುರುವಾಯಿತು. ಸಿಂಗಸಂದ್ರದಲ್ಲಿ ಚಿಕ್ಕಮ್ಮನ ಮನೆ ಇದೆ. ರೈಲು ಅಲ್ಲಿಯವರೆಗೆ ಸಲೀಸಾಗಿ ಹೋಗುತ್ತದೆ. ನಿಲ್ದಾಣದೊಳಗೆ ಲಿಫ್ಟ್ ಇದೆ, ನೆಲ ಸಪಾಟು, ಕಣ್ಣು ಕಾಣದವರಿಗೆ ಗೆರೆಯಿರುವ ಹಳದಿ ಕಲ್ಲೂ ಇದೆ. ಗೇಟಿನ ಆಚೆ ಕಾಲಿಟ್ಟ ಕೂಡಲೇ ಎಲ್ಲ ಮುಗಿಯುತ್ತದೆ. ಸಾವಿರಾರು ಕೋಟಿಯ ರೈಲು ನಮ್ಮ ಮನೆಯಿಂದ ದೂರ ಉಳಿದಿರುವುದು ಹದಿನೆಂಟು ಇಂಚಿನ ಕಲ್ಲಿನಿಂದ.

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಮಾತು ನಡೆದಿದೆ. ಹದಿನಾರು ಕಿಲೋಮೀಟರಿಗೂ ಜಾಸ್ತಿ ಉದ್ದ, ಅಂದಾಜು ಖರ್ಚು 17 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಟ್ರಾಫಿಕ್‌ನಲ್ಲಿ ದಿನಾ ಎರಡು ಗಂಟೆ ಕಳೆಯುವವರ ಕಷ್ಟ ನನಗೆ ಗೊತ್ತು, ಅಣ್ಣನೇ ಅವರಲ್ಲೊಬ್ಬ. ಆದರೂ ನನಗೆ ಇದು ಸರಿ ಅನಿಸುವುದಿಲ್ಲ. ಅರ್ಧ ಕಿಲೋಮೀಟರ್ ದೂರದ ಅಂಗಡಿಗೆ ಜನ ಸ್ಕೂಟರ್ ತೆಗೆಯುವುದು ಯಾಕೆ? ಪಕ್ಕದ ಬೀದಿಯ ಸ್ಕೂಲಿಗೆ ಮಗುವನ್ನು ಕಾರಿನಲ್ಲಿ ಬಿಡುವುದು ಯಾಕೆ? ಸೋಮಾರಿತನ ಅಂತ ನಾನು ನಂಬುವುದಿಲ್ಲ. ನಡೆಯೋಕೆ ಭಯ. ಆ ಭಯಕ್ಕೆ ಕಾರಣವೂ ಇದೆ. ಕೇಂದ್ರ ಸರ್ಕಾರದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ದಿನಕ್ಕೆ ತೊಂಬತ್ತು ಜನ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತಿನಲ್ಲಿ ನಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಪೇಪರಿನಲ್ಲಿ ಆ ಸುದ್ದಿ ಓದಿ ಅಮ್ಮನಿಗೆ ಹೇಳಿದೆ. ಅಮ್ಮ ಕನ್ನಡಕ ತೆಗೆದು, "ಅಷ್ಟು ದೊಡ್ಡ ಕೋರ್ಟಿಗೂ ಗೊತ್ತಾಗಿದೆಯಲ್ಲ, ಸದ್ಯ" ಅಂದಳು.

ನಮ್ಮ ಊರಿಗೆ ಒಳ್ಳೆಯ ಫುಟ್‌ಪಾತು ಮಾಡೋಕೆ ಬರುವುದಿಲ್ಲ ಅಂತಲ್ಲ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಯ ಕಡೆ ಟೆಂಡರ್ ಶ್ಯೂರ್ ಅಂತ ಮಾಡಿದರಲ್ಲ, ಪೈಪು ಕೇಬಲ್ಲುಗಳನ್ನೆಲ್ಲ ಕೆಳಗೆ ಹಾಕಿ ಮೇಲೆ ಅಗಲದ ಫುಟ್‌ಪಾತು, ಅಲ್ಲಿ ಅಮ್ಮನನ್ನು ಒಂದು ಸಲ ಕರೆದುಕೊಂಡು ಹೋಗಿದ್ದೆ. ಕೈ ಹಿಡಿಯದೆ ನಡೆದಳು. 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ ಭಾನುವಾರ ಚರ್ಚ್ ಸ್ಟ್ರೀಟಿಗೆ ವಾಹನ ಬಿಡದೆ ನೋಡಿದರು. ನಮ್ಮ ಗಾಂಧಿಬಜಾರಿನಲ್ಲೂ ಈಚೆಗೆ ಫುಟ್‌ಪಾತು ಅಗಲವಾಗಿದೆ. ಅದು ನನಗೆ ನಿಜವಾಗಿಯೂ ಸಂತೋಷ ಕೊಟ್ಟಿದೆ. ಆದರೆ ಅಲ್ಲಿಗೆ ಹೋಗುವ ದಾರಿ ಹಳೆಯದೇ. ಬಜಾರಿನಲ್ಲಿ ನಡೆಯೋಕೆ ಅಮ್ಮ ಮೊದಲು ಆಟೋದಲ್ಲಿ ಬಜಾರಿಗೆ ಹೋಗಬೇಕು. ಈಗ ಊರಿಗೆ ಒಂದರ ಬದಲು ಐದು ಪಾಲಿಕೆಗಳಾಗಿವೆ. ಒಂದೊಂದು ವಾರ್ಡಿನಲ್ಲಿ ಒಬ್ಬ ಎಂಜಿನಿಯರು ತನ್ನ ತಾಯಿಯನ್ನು ಕರೆದುಕೊಂಡು ಒಂದು ಕಿಲೋಮೀಟರ್ ನಡೆದು ನೋಡಲಿ. ಯಾವ ಕಲ್ಲು ತಗ್ಗಿಸಬೇಕು ಅಂತ ಆಗ ಗೊತ್ತಾಗುತ್ತದೆ. ಇದಕ್ಕೆ ಸುರಂಗದಷ್ಟು ದುಡ್ಡು ಬೇಡ. ವರ್ಷವಿಡೀ ಒಬ್ಬ ಮೇಸ್ತ್ರಿ, ನಾಲ್ಕು ಜನ ಆಳು, ಒಂದು ಗಾಡಿ ಜಲ್ಲಿ ಸಿಮೆಂಟು ಆ ವಾರ್ಡಿನಲ್ಲೇ ಓಡಾಡುತ್ತಿದ್ದರೆ ಸಾಕು. ಎತ್ತಿದ ಚಪ್ಪಡಿಯನ್ನು ಅವತ್ತೇ ಮುಚ್ಚುವವರು ಬೇಕು.

ಪರಿಷೆಯ ದಿನ

ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆ. ಹೋದ ಸಲ ಅಮ್ಮ ಬರುವುದಿಲ್ಲ ಅಂದಳು. ಜನಜಂಗುಳಿ, ನನ್ನಿಂದ ನಿಮಗೆ ತೊಂದರೆ ಅಂದಳು. ನಾನು ಬಲವಂತ ಮಾಡಿ ಆಟೋದಲ್ಲಿ ರಸ್ತೆ ಮುಚ್ಚಿದ ಜಾಗದವರೆಗೆ ಕರೆದುಕೊಂಡು ಹೋದೆ. ಬುಲ್ ಟೆಂಪಲ್ ರಸ್ತೆಯಲ್ಲಿ ಅವತ್ತು ಒಂದು ಗಾಡಿಯೂ ಇಲ್ಲ. ಇಡೀ ರಸ್ತೆ ಕಾಲ್ನಡಿಗೆಯವರದು. ಎರಡೂ ಕಡೆ ಕಡಲೆಕಾಯಿ ಗುಡ್ಡೆ, ಹಸಿಯದು, ಹುರಿದದ್ದು, ಬೇಯಿಸಿದ್ದು. ಬೆಂಡು ಬತ್ತಾಸಿನ ತಟ್ಟೆಗಳು, ಪೀಪಿ ಊದುವ ಮಕ್ಕಳು. ಅಮ್ಮ ಮೊದಲು ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಹತ್ತು ಹೆಜ್ಜೆ ಹೋದ ಮೇಲೆ ಹಿಡಿತ ಸಡಿಲವಾಯಿತು. ಆಮೇಲೆ ನೋಡಿದರೆ ಕೈ ಬಿಟ್ಟೇಬಿಟ್ಟಿದ್ದಾಳೆ! ರಸ್ತೆಯ ನಟ್ಟನಡುವೆ, ಡಾಂಬರಿನ ಮೇಲೆ, ಕೈ ಬೀಸಿಕೊಂಡು ಹೋಗುತ್ತಿದ್ದಾಳೆ. ತಲೆ ತಗ್ಗಿಸಿ ನೆಲ ನೋಡುತ್ತಿಲ್ಲ. ಎಷ್ಟು ದಿನವಾಗಿತ್ತು ಅವಳು ತಲೆಯೆತ್ತಿ ನಡೆದದ್ದನ್ನು ನೋಡಿ. ಅಂಗಡಿ ನೋಡುತ್ತಿದ್ದಾಳೆ, ಮರ ನೋಡುತ್ತಿದ್ದಾಳೆ, ಹಳೇ ಗುರುತಿನವರು ಸಿಕ್ಕರೆ ನಿಲ್ಲುತ್ತಿದ್ದಾಳೆ. "ಈ ಮನೆ ಇನ್ನೂ ಇದೆಯಲ್ಲೇ, ಒಡೆದಿಲ್ಲ!" ಅಂತ ನನಗೆ ತೋರಿಸುತ್ತಿದ್ದಾಳೆ.

ಯಾರೋ ಹುಡುಗ ಓಡಿಬಂದು ಅವಳಿಗೆ ಡಿಕ್ಕಿ ಹೊಡೆದ. ಅಮ್ಮ ಓಲಾಡಿದಳು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಎರಡು ಕಡೆಯಿಂದ ಹಿಡಿದುಕೊಂಡರು. ನನಗೆ ಜೀವ ಹೋದಂತಾಯಿತು. ಇನ್ನು ಸಾಕು, ಮನೆಗೆ ಹೋಗೋಣ ಅಂದೆ. "ಏನೂ ಆಗಿಲ್ಲ ಕಣೇ. ಜನರ ಮಧ್ಯ ಬಿದ್ದರೆ ಜನ ಹಿಡೀತಾರೆ" ಅಂದು ಮುಂದಕ್ಕೆ ಹೊರಟಳು. ರಾಮಕೃಷ್ಣ ಆಶ್ರಮದವರೆಗೆ ಹೋದೆವು. ರಾತ್ರಿ ಕಾಲಿಗೆ ಎಣ್ಣೆ ಹಚ್ಚುವಾಗ ನೋವಿದೆಯಾ ಅಂತ ಕೇಳಿದೆ. "ಇದೆ, ಇರಲಿ" ಅಂದು ಮಡಿಲಿನಲ್ಲಿದ್ದ ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕಿದಳು.

ಮೂವತ್ತು ಅಡಿ

ಪರಿಷೆಯಾದ ವಾರದಲ್ಲೇ ಮೇಸ್ತ್ರಿಯನ್ನು ಕರೆಸಿದೆ. ರ‍್ಯಾಂಪ್ ಒಡೆಯಬೇಕು ಅಂದಾಗ ಅವರಿಗೆ ಅರ್ಥವಾಗಲಿಲ್ಲ. ಹೊಸದು ಕಟ್ಟಿಸಲು ಕರೆಯುತ್ತಾರೆ, ಒಡೆಸಲು ಯಾರೂ ಕರೆದಿಲ್ಲ ಮೇಡಂ ಅಂದರು. ಆಮೇಲೆ ಗೇಟಿನ ಒಳಗೆ ಅಳೆದು, "ಇಳಿಜಾರು ಒಳಗೇ ತಗೋಬಹುದು, ನಿಮಗೆ ಎರಡಡಿ ಜಾಗ ಹೋಗುತ್ತೆ ಅಷ್ಟೇ" ಅಂದರು. ಅಣ್ಣನಿಗೆ ಮೊದಲು ಇಷ್ಟವಿರಲಿಲ್ಲ. ಇಡೀ ಬೀದಿಯಲ್ಲಿ ನಾವೊಬ್ಬರೇ ಮಾಡಿದರೆ ಏನು ಬಂತು ಅಂದ. ಅವನ ಮಾತು ಸುಳ್ಳಲ್ಲ. ನಾನು ಅಮ್ಮ ಕೂತು ಇಳಿದದ್ದನ್ನು ಅವನಿಗೆ ಹೇಳಿರಲಿಲ್ಲ, ಅವತ್ತು ಹೇಳಿದೆ. ಸುಮ್ನೆ ಕೇಳಿಸಿಕೊಂಡು ಎದ್ದು ಹೋಗಿ ಕಾರನ್ನು ಹೊರಗೆ ತೆಗೆದು ನಿಲ್ಲಿಸಿದ.

ಕೆಲಸ ನಾಲ್ಕು ದಿನ ಹಿಡಿಯಿತು. ರಸ್ತೆಯಂಚಿಗೆ ಕಾರು ಹತ್ತೋಕೆ ಬೇಕಾದ ಚಿಕ್ಕ ಇಳಿಜಾರು ಮಾತ್ರ ಉಳಿಸಿಕೊಂಡೆವು. ಬೇಲಿ ತೆಗೆದೆವು. ದಾಸವಾಳವನ್ನು ಬೇರು ಸಮೇತ ಎತ್ತಿ ದೊಡ್ಡ ಕುಂಡದಲ್ಲಿಟ್ಟು ಮಹಡಿಗೆ ಸಾಗಿಸಿದೆವು. ಒಂದು ತಿಂಗಳು ಎಲೆ ಉದುರಿಸಿಕೊಂಡು ಒಣಗಿದಂತೆ ನಿಂತಿತ್ತು, ಈಗ ಚಿಗುರಿದೆ. ನಮ್ಮ ಬಲಗಡೆಯ ಮನೆಯ ರ‍್ಯಾಂಪ್ ಹಾಗೇ ಇದೆ, ಎಡಗಡೆಯದೂ ಇದೆ. ಬಲಗಡೆಯ ಮನೆಯ ಆಂಟಿ ಬಂದು ನೋಡಿದರು. ಖರ್ಚು ಎಷ್ಟಾಯಿತು, ಕಾರಿನ ತಳ ತಾಗುತ್ತಾ, ಇಷ್ಟೇ ಕೇಳಿದರು. ತಾಗುವುದಿಲ್ಲ ಅಂದೆ. ಮೇಸ್ತ್ರಿಯ ನಂಬರ್ ಕೇಳಿಕೊಂಡು ಹೋದರು.

ಈಗ ಬೆಳಗ್ಗೆ ಏಳಕ್ಕೆ ಅಮ್ಮ ಗೇಟು ತೆಗೆದು ಹೊರಗೆ ಬರುತ್ತಾಳೆ. ನಮ್ಮ ಮನೆಯ ಮುಂದಿನ ಮೂವತ್ತು ಅಡಿ ಸಪಾಟಾಗಿದೆ. ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ, ಮತ್ತೆ ಈ ತುದಿಗೆ ಬರುತ್ತಾಳೆ. ಇಪ್ಪತ್ತು ಸಲ ಎಣಿಸುತ್ತಾಳೆ. ಹಾಲಿನವರು, ಪೇಪರಿನವರು, ವಾಕಿಂಗ್ ಹೋಗುವವರು ಮಾತಾಡಿಸಿಕೊಂಡು ಹೋಗುತ್ತಾರೆ. ನಿನ್ನೆ ಒಳಗೆ ಬಂದವಳೇ ಗೋಡೆಯ ಮೇಲಿನ ಕ್ಯಾಲೆಂಡರ್ ಕೆಳಗಿಳಿಸಿ ನನ್ನ ಮುಂದಿಟ್ಟಳು. "ಕನ್ನಡಕ ಎಲ್ಲಿಟ್ಟೆನೋ ಗೊತ್ತಿಲ್ಲ. ಈ ವರ್ಷ ಕಡೇ ಕಾರ್ತಿಕ ಸೋಮವಾರ ಯಾವತ್ತು ಬಿದ್ದಿದೆ ನೋಡೇ" ಅಂದಳು.